ಒಂದು ವರ್ಷ ಓದು ಬಾರದವಳು

ನಮ್ಮವ್ವ ಕಂಪ್ಲಿಯ ಹೆಣ್ಣುಮಕ್ಕಳ ಸಾಲೆಯ ಅಕ್ಕೋರು. ಊರಿಗೆಲ್ಲ ಅವಳೆಂದರೆ ಗೌರವ. ನನಗೂ ಇತ್ತು, ಆದರೆ ಒಳಗೊಳಗೇ ಒಂದು ಜಗಳವೂ ಇತ್ತು. ಊರಿನ ಹುಡುಗಿಯರನ್ನೆಲ್ಲ ಸಾಲೆಗೆ ಕರೆತರುವ ಭರದಲ್ಲಿ ಅವಳು ಮರೆತ ಹುಡುಗಿ ಒಬ್ಬಳೇ. ಅದು ನಾನು.

ಆಗ ನಮ್ಮದು ಮದ್ರಾಸ್ ಸರ್ಕಾರ. ಹೆಣ್ಣುಮಕ್ಕಳನ್ನು ಓದಿಸಿ ಎಂದರೆ ಹೊಳೆದಂಡೆಯ ಮನೆಗಳಲ್ಲಿ ಸಿಗುತ್ತಿದ್ದ ಉತ್ತರ ಒಂದೇ. “ಕಳಸ್ತಿದ್ವಿ ರೀ ಅಕ್ಕೋರ, ಆದ್ರ ಮನ್ಯಾಗಿನ ಕೆಲಸ ಯಾರು ಮಾಡ್ಬೇಕು?” ಬೇರೆಯವರಾಗಿದ್ದರೆ ಉಪದೇಶ ಮಾಡಿ ಬರುತ್ತಿದ್ದರು. ಅವ್ವ ಸೆರಗು ಸಿಕ್ಕಿಸಿ ಕೆಲಸಕ್ಕೇ ಕೂತುಬಿಡುತ್ತಿದ್ದಳು. “ಇದನ್ನ ನಾ ಮಾಡ್ತೀನಿ, ಹುಡುಗಿ ಜಡಿ ಹಾಕ್ಕೊಳ್ಳಲಿ ಬಿಡ್ರಿ” ಎನ್ನುತ್ತಿದ್ದಳು. ಒಂದು ಮನೆಯಲ್ಲಿ ಜೋಳ ಬೀಸುವುದು, ಇನ್ನೊಂದರಲ್ಲಿ ಕೂಸಿನ ತೊಟ್ಟಿಲು ತೂಗುವುದು, ಮತ್ತೊಂದರಲ್ಲಿ ಸಗಣಿಯ ಕುಳ್ಳು ತಟ್ಟುವುದು. ಹತ್ತು ಗಂಟೆಗೆ ಕೈ ತೊಳೆದುಕೊಂಡು ಸೀಮೆಸುಣ್ಣ ಹಿಡಿಯುತ್ತಿದ್ದಳು. ಊರಿನ ಹೆಂಗಸರೇನು ಕಮ್ಮಿಯೇ? “ಅಕ್ಕೋರು ಬರೋ ಹೊತ್ತಾತು, ಜೋಳ ತೆಗೀರಿ” ಎಂದು ಬೀಸುವ ಕಲ್ಲಿನ ಮುಂದೆ ಬುಟ್ಟಿ ಇಟ್ಟೇ ಕಾಯುತ್ತಿದ್ದರಂತೆ.

ಸರಿ, ನಮ್ಮ ಮನೆಯ ಜೋಳ ಬೀಸುವವರು ಯಾರು? ಅಪ್ಪ ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಶನಿವಾರಕ್ಕೊಮ್ಮೆ ಬರುತ್ತಿದ್ದ. ತಮ್ಮನಿಗೆ ಎರಡು ವರ್ಷ. ನನಗೆ ಒಂಬತ್ತು. ಅವನ ಮೂಗು ಒರೆಸಿ, ಒಲೆ ಹಚ್ಚಿ, ಅನ್ನ ಬಸಿದು ನಾನು ಸಾಲೆ ಮುಟ್ಟುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಎಷ್ಟೋ ದಿನ ಹೋಗುತ್ತಲೇ ಇರಲಿಲ್ಲ. ಅವ್ವ ನನ್ನ ಹೆಸರಿನ ಮುಂದೆ ಪ್ರಾಮಾಣಿಕವಾಗಿ ‘ಗೈರುಹಾಜರು’ ಎಂದು ಬರೆಯುತ್ತಿದ್ದಳು. ಮಗಳೆಂದು ಪಕ್ಷಪಾತ ಮಾಡಬಾರದಲ್ಲ! ಆ ಪ್ರಾಮಾಣಿಕತೆಗೆ ನನಗೆ ಮೈ ಉರಿಯುತ್ತಿತ್ತು. ಅವಳು ಒಂದು ದಿನವಾದರೂ ನನ್ನ ಪಕ್ಕ ಕೂತು, ನನ್ನ ಪುಸ್ತಕ ತೆರೆದು, ಓದು ಎನ್ನಬೇಕು ಎಂಬುದೊಂದೇ ನನ್ನ ಆಸೆ.

ಓದು ಬರುತ್ತಿರಲಿಲ್ಲ ಎಂದಲ್ಲ. ನಮ್ಮ ಮನೆ ಸಾಲೆಯ ಬೆನ್ನಿಗೇ ಇತ್ತು. ಪದ್ಯ, ಮಗ್ಗಿ ಎಲ್ಲ ಗೋಡೆ ದಾಟಿ ಬರುತ್ತಿದ್ದವು. ತಮ್ಮನನ್ನು ಕಾಲ ಮೇಲೆ ಮಲಗಿಸಿಕೊಂಡು ನನ್ನ ನಾಲ್ಕನೇ ಕ್ಲಾಸಿನ ಪುಸ್ತಕವನ್ನು ಮೂರು ಸಲ ಮುಗಿಸಿದ್ದೆ. ಅದು ಅವ್ವನಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ?

ಆ ವರ್ಷ ಬಳ್ಳಾರಿಯಿಂದ ಸಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅವ್ವ ನಸುಕಿನಲ್ಲೇ ಎದ್ದು ಎಲ್ಲರ ಮನೆ ತಿರುಗಿ, ಒಬ್ಬ ಹುಡುಗಿಯೂ ತಪ್ಪದಂತೆ ತಂದು ಕೂಡಿಸಿದಳು. ನನಗೆ ಹೋಗುವಾಗ ಹೇಳಿದ್ದು ಇಷ್ಟೇ: “ಸಾಹೇಬರಿಗೆ ಮಂಡಾಳು ಒಗ್ಗರಣಿ ಮಾಡು. ಎಣ್ಣಿ ಕೈ ಬಿಟ್ಟು ಹಾಕು.”

ಹಾಕಿದೆ. ಸೊಂಟದ ಮೇಲೆ ತಮ್ಮ, ಕೈಯಲ್ಲಿ ಮಂಡಕ್ಕಿ ಒಗ್ಗರಣೆಯ ತಾಟು, ಹಣೆಗೆ ಮಸಿ. ನಾನು ಹೊಸ್ತಿಲಿಗೆ ಬರುವ ಹೊತ್ತಿಗೆ ಸಾಹೇಬರು ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು, “ವಾರದಾಗ ನಾಲ್ಕು ದಿನ ಸಾಲಿಗೆ ಬರದ ಈ ಹುಡುಗಿ ಯಾರ ಮನೀದು? ಅವರವ್ವಗ ತಿಳಿಸಿ ಹೇಳಿಲ್ಲೇನು ನೀವು?”

ಅವ್ವನ ಮುಖ ನೋಡಬೇಕಿತ್ತು. “ನನ್ನ ಮಗಳ ರೀ. ಅಲ್ಲಿ ಬಂದ್ಲು ನೋಡ್ರಿ” ಎಂದಳು.

ಸಾಹೇಬರು ತಾಟು ತೆಗೆದುಕೊಂಡು ನನ್ನ ಕೈಗೆ ಪುಸ್ತಕ ಕೊಟ್ಟರು. ಎರಡನೇ ಸಾಲಿನ ಹುಡುಗಿಯೊಬ್ಬಳು ತಮ್ಮನನ್ನು ಎತ್ತಿಕೊಂಡಳು. ನನಗೆ ಬಾಯಿಪಾಠವೇ ಆಗಿದ್ದ ಪಾಠ. ಓದಲು ಬಾಯಿ ತೆರೆದವಳು ಅವ್ವನತ್ತ ನೋಡಿದೆ. ಅವಳು ಮುಂದಿನ ಸಾಲಿನ ಹುಡುಗಿಯೊಬ್ಬಳ ಬಿಚ್ಚಿದ ಜಡೆಯನ್ನು ಗಡಿಬಿಡಿಯಿಂದ ಕಟ್ಟುತ್ತಿದ್ದಳು. ನನ್ನ ತಲೆ ಬಾಚಿ ಎರಡು ದಿನವಾಗಿತ್ತು. ಎಲ್ಲಿತ್ತೋ ಸಿಟ್ಟು! ಬಾಯಿ ಮುಚ್ಚಿಕೊಂಡೆ. ಸಾಹೇಬರು ಗದರಿಸಿದರು, ರಮಿಸಿದರು, ಅಕ್ಷರ ತೋರಿಸಿದರು. ನಾನು ಗುಮ್ಮನ ಹಾಗೆ ನಿಂತೇ ಇದ್ದೆ.

“ಒಗ್ಗರಣಿ ಭಾಳ ಮಸ್ತ್ ಆಗೇದ. ಓದು ಮಾತ್ರ ಸೊನ್ನಿ. ಇಕೀನ್ನ ಎರಡನೇ ಕ್ಲಾಸಿಗೆ ಕೂಡಸ್ರಿ” ಎಂದು ಹೇಳಿ ಅವರು ಇನ್ನೊಂದು ಹಿಡಿ ಮಂಡಾಳು ಬಾಯಿಗೆ ಹಾಕಿಕೊಂಡರು.

ಅವ್ವ ಅಂದು ನನ್ನನ್ನು ಬೈಯಲಿಲ್ಲ. ಸೆರಗಿನಿಂದ ನನ್ನ ಹಣೆಯ ಮಸಿ ಒರೆಸಿದಳು, ಒರೆಸುತ್ತಲೇ ಅತ್ತಳು. ಮರುದಿನದಿಂದ ತಮ್ಮನನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಡುವುದಾಯಿತು. ಸಂಜೆ ಸಾಲೆ ಬಿಟ್ಟ ಮೇಲೆ ಅವ್ವ ಎಲ್ಲಿಗೂ ಹೋಗದೆ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮೊದಲನೇ ಪುಸ್ತಕದಿಂದ ಶುರು ಮಾಡಿದಳು. ಒಂದು ಕೈ ಅಕ್ಷರದ ಕೆಳಗೆ, ಇನ್ನೊಂದು ನನ್ನ ಬೆನ್ನ ಮೇಲೆ.

ಬರುವುದಿಲ್ಲ ಎಂದು ನಟಿಸುವುದು ಸುಲಭದ ಕೆಲಸವೆಂದು ತಿಳಿಯಬೇಡಿ. ನಿನ್ನೆ ಎಲ್ಲಿ ತಡವರಿಸಿದೆ, ಇವತ್ತು ಎಲ್ಲಿ ತಡವರಿಸಬೇಕು, ಎಲ್ಲ ನೆನಪಿಡಬೇಕು. ಪೂರಾ ದಡ್ಡಿಯಾದರೆ ಅವಳು ಕೈಬಿಟ್ಟಾಳು, ಜಲ್ದಿ ಕಲಿತರೆ ಎದ್ದು ಹೋದಾಳು. ಹೀಗೆ ಲೆಕ್ಕ ಹಾಕಿ ಒಂದು ವರ್ಷ ದೂಡಿದೆ. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ವರ್ಷ ಇನ್ನೊಂದಿಲ್ಲ.

ನಾನೂ ಅಕ್ಕೋರಾಗಿ, ನನಗೂ ಮಕ್ಕಳಾದ ಮೇಲೆ, ಒಂದು ಮಧ್ಯಾಹ್ನ ಅವ್ವನ ಜೊತೆ ಪುಂಡಿಪಲ್ಯ ಸೋಸುತ್ತ ಈ ಮೋಸವನ್ನು ದೊಡ್ಡ ಪರಾಕ್ರಮದಂತೆ ಹೇಳಿದೆ. ಅವಳು ಗಾಬರಿಯಾಗುತ್ತಾಳೆ, ಕೊನೆಗೆ ಬೈದಾದರೂ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

“ಎರಡನೇ ದಿನಾನ ಗೊತ್ತಾಗಿತ್ತು” ಎಂದಳು. “ಹೇಳಿದ್ರ ನೀ ಎದ್ದು ಹೋಗ್ತಿದ್ದಿ.”