ಲಾಭ, ಎರಡು, ಮೂರು

ಸಗರದ ಗ್ರಂಥಾಲಯ ಇದ್ದದ್ದು ನಮ್ಮ ಆಫೀಸಿನ ಹಳೇ ಶೆಡ್ಡಿನಲ್ಲಿ. ಕಾಲುವೆ ತೋಡುವಾಗ ಸಿಮೆಂಟು ಚೀಲ ಇಡಲು ಕಟ್ಟಿದ್ದು ಅದು. ಕಾಲುವೆಗೆ ನೀರು ಬಿಟ್ಟ ಮೇಲೆ ಸಿಮೆಂಟು ಮುಗಿಯಿತು, ಶೆಡ್ಡು ಉಳಿಯಿತು, ಅದಕ್ಕೊಂದು ಬೋರ್ಡು ಹಾಕಿ ಗ್ರಂಥಾಲಯ ಅಂದರು. ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ಓದಿದ್ದೆಲ್ಲ ಬೆವರಿನ ಜೊತೆ ಇಳಿದುಹೋಗುತ್ತಿತ್ತು. ಆದರೂ ನಾನು ದಿನಾ ಸಂಜೆ ಹೋಗುತ್ತಿದ್ದೆ. ನಾನು ಕಾಲುವೆ ಆಫೀಸಿನ ಗುಮಾಸ್ತ ಅಮರಪ್ಪ. ಬೆಳಗಿನ ಪೇಪರು ನಮ್ಮೂರಿಗೆ ಬರುವಾಗ ಸಂಜೆಯಾಗುತ್ತಿತ್ತು. ಅದರ ಮಡಿಕೆಯನ್ನು ನನಗಿಂತ ಮೊದಲು ಬೇರೆಯವರು ಬಿಚ್ಚಿದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು ಬಾಲಮ್ಮ. ಊರಾಚೆ ಹೊಲಗಳ ನಡುವೆ ಇರುವ ಕುರುಬರ ದೊಡ್ಡಿಯವಳು. ನಮ್ಮ ಕಡೆ ದೊಡ್ಡಿ ಅಂದರೆ ಹತ್ತಾರು ಮನೆಗಳ ಪುಟ್ಟ ಊರು. ಅವಳಪ್ಪ ಮಾನಪ್ಪ ಬದುಕಿಡೀ ಕುರಿ ಹಿಂದೆ ತಿರುಗಿದವನು. ಇವಳು ಸುರಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹತ್ತನೆಯದು ಪಾಸು ಮಾಡಿದಳು. ಆ ದೊಡ್ಡಿಯಲ್ಲಿ ಅಷ್ಟು ಓದಿದವರು ಹೆಣ್ಣೂ ಇರಲಿಲ್ಲ, ಗಂಡೂ ಇರಲಿಲ್ಲ. ಗ್ರಂಥಾಲಯದ ಕೀಲಿ ಅವಳ ಕೈಗೆ ಬಂದ ದಿನ ಕಟ್ಟೆಯ ಮೇಲೆ ಕೂತವರು, ಕುರಿ ಕಾಯುವವರ ಮಗಳು ಪುಸ್ತಕ ಕಾಯಲು ಬಂದಳು ಎಂದು ನಕ್ಕರು. ಬಾಲಮ್ಮ ತಲೆ ತಗ್ಗಿಸುವ ಜಾತಿಯೇ ಅಲ್ಲ.

“ಎರಡಕ್ಕೂ ಏನೂ ಫರಕ್ ಇಲ್ರಿ,” ಅಂದಳು. “ಸಂಜಿಗೆ ಹೊಳ್ಳಿ ಬರಲಿಲ್ಲಂದ್ರ ಹುಡುಕ್ಕೊಂಡ ಹೋಗೂದು ನನ್ನ ಕೆಲಸ.”

ಮಾತಿಗೆ ಅಂದದ್ದಲ್ಲ, ಹಾಗೇ ನಡೆದಳು. ಯಾರ ಮನೆಯಲ್ಲಿ ಯಾವ ಪುಸ್ತಕ ಮಲಗಿದೆ ಎಂಬುದು ಅವಳ ತಲೆಯಲ್ಲೇ ಇರುತ್ತಿತ್ತು. ಒಮ್ಮೆ ನಮ್ಮ ಆಫೀಸಿಗೇ ಬಂದು, ಸಾಹೇಬರ ಎದುರಿಗೇ, ನಾನು ಒಯ್ದಿದ್ದ ಪತ್ತೇದಾರಿ ಕಾದಂಬರಿ ಕೇಳಿದಳು. ಕೆಲಸದ ಹೊತ್ತಿನಲ್ಲಿ ಅದು ಫೈಲಿನ ಕೆಳಗೇ ಇತ್ತು. ಕೊಟ್ಟೆ.

ಕಾಲುವೆ ಬಂದದ್ದರಿಂದ ಸಗರಕ್ಕೆ ಒಳ್ಳೆಯದಾಯಿತು, ಇಲ್ಲವೆನ್ನಲಾರೆ. ಆದರೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದಾಗ ಕುರಿಗೆ ಬಾಯಿ ಹಾಕಲು ಜಾಗ ಉಳಿಯಲಿಲ್ಲ. ದೊಡ್ಡಿಯ ಗಂಡಸರು ಹಿಂಡು ಹೊಡೆದುಕೊಂಡು ಭೀಮೆಯ ಆಚೆ ಹೋಗತೊಡಗಿದರು. ಮಕ್ಕಳು ಅಜ್ಜಿಯರ ಹತ್ತಿರ ಉಳಿದವು. ಬಾಲಮ್ಮ ಮನೆ ಮನೆ ತಿರುಗಿ, ಬೈಸಿಕೊಂಡು, ಬೈದು, ಆ ಮಕ್ಕಳನ್ನು ಶಾಲೆಗೆ ಸೇರಿಸಿದಳು. ಬಿದ್ದು ಎದ್ದು ಅವು ಮೂರನೆಯ ತರಗತಿಗೆ ಬಂದವು. ಆ ವರ್ಷವೇ ನಸೀರುದ್ದೀನ ಮಾಸ್ತರ ಬಂದ.

ನಸೀರುದ್ದೀನ ಯಾದಗಿರಿಯವನು, ಸ್ಟೇಷನ್ನಿನ ಹಿಂದಿನ ಓಣಿಯ ಹುಡುಗ. ಮೊದಲ ನೌಕರಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಂದ ವಾರದಲ್ಲೇ ಗ್ರಂಥಾಲಯಕ್ಕೆ ಬಂದು, ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಹೇಳುವ ಪುಸ್ತಕ ಇದೆಯೇ ಎಂದು ಕೇಳಿದ. ಹಾಗೆ ಕೇಳಿದ ಮೊದಲ ಮಾಸ್ತರ ಅವನೇ. ಬಾಲಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಕಪಾಟಿನ ತಳದಿಂದ ಗೆದ್ದಲು ಝಾಡಿಸಿ ಎರಡು ಪುಸ್ತಕ ಕೊಟ್ಟಳು, ಬೇಕಾದಷ್ಟು ದಿನ ಇಟ್ಟುಕೊಳ್ಳಿ ಅಂದಳು. ನನಗೆ ಆ ಮಾತು ಒಂದು ದಿನವೂ ಅಂದವಳಲ್ಲ.

ದಸರೆಯ ಹೊತ್ತಿಗೆ ಶಾಲೆಗೆ ಇನ್ಸ್‌ಪೆಕ್ಟರ್ ಬಂದರು. ಚುರುಕಿನ ಮನುಷ್ಯ, ಕೆಟ್ಟವರೇನಲ್ಲ. ಮೂರನೆಯ ತರಗತಿಯಲ್ಲಿ ಮೇಜಿನ ಮೇಲೆ ಸುಣ್ಣದ ಕಡ್ಡಿ ಸಾಲಾಗಿ ಇಟ್ಟು, ದೊಡ್ಡಿಯ ಸಾಯಬಮ್ಮ ಎಂಬ ಹುಡುಗಿಯನ್ನು ಎಣಿಸಲು ಕರೆದರು. ಅವಳು ಬೆರಳಿಟ್ಟು ಶುರು ಮಾಡಿದಳು: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು. ಇಡೀ ತರಗತಿ ಗೊಳ್ಳೆಂದಿತು. ದೊಡ್ಡಿಯ ಉಳಿದ ಮಕ್ಕಳೂ ಹಾಗೇ ಎಣಿಸಿದವು. ಒಂದೂ ಗೊತ್ತಿಲ್ಲ, ಏಳೂ ಗೊತ್ತಿಲ್ಲ, ಇವು ಮೂರನೆಯದರಲ್ಲಿ ಏನು ಮಾಡುತ್ತಿವೆ ಎಂದರು ಇನ್ಸ್‌ಪೆಕ್ಟರು. ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ದೊಡ್ಡಿಯ ಮಕ್ಕಳನ್ನೆಲ್ಲ ಒಂದನೆಯ ತರಗತಿಗೆ ಇಳಿಸುವುದೇ ಎಂದು ಹೇಳಿ ಹೋದರು.

ಅವತ್ತು ಸಂಜೆ ನಸೀರುದ್ದೀನ ಗ್ರಂಥಾಲಯಕ್ಕೆ ಬಂದು ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ಮುಖ ಬಾಡಿತ್ತು. ದಿನಾ ತಿದ್ದಿದೆ, ದಿನಾ ತಪ್ಪು ಅಂದೆ, ಬೈದದ್ದೂ ಉಂಟು, ಆ ಮಕ್ಕಳಿಗೆ ಒಂದು ಎಂಬುದೇ ತಲೆಗೆ ಹತ್ತುವುದಿಲ್ಲ, ನನಗೆ ಈ ಕೆಲಸ ಬರುವುದಿಲ್ಲ ಎಂದ. ನಡೆದದ್ದನ್ನೆಲ್ಲ ಹೇಳಿದ.

ಬಾಲಮ್ಮ ಮೊದಲು ನಕ್ಕಳು. ಆಮೇಲೆ ಅವಳ ಮುಖ ಕೆಂಪಾಯಿತು. ಲಾಭ ಅಂದರೇ ಒಂದು, ಅಂದಳು. ದೊಡ್ಡಿಯಲ್ಲಿ ರಾಶಿ ಅಳೆಯುವಾಗ, ಮರಿ ಎಣಿಸುವಾಗ ಯಾರೂ ಒಂದು ಅನ್ನುವುದಿಲ್ಲ. ಒಂದು ಅಂದರೆ ಅದು ಒಂದೇ ಆಗಿ ಉಳಿದುಬಿಡುತ್ತದೆ ಎಂದು ಹೆದರಿಕೆ. ಏಳು ಅಂದರೆ ರಾಶಿ ಎದ್ದುಹೋದೀತು ಎಂದು ಮತ್ತೊಂದು ಅನ್ನುತ್ತಾರೆ. ಆ ಮಕ್ಕಳು ಹುಟ್ಟಿದಾಗಿನಿಂದ ಎಣಿಕೆ ಕೇಳಿದ್ದು ಕಣದಲ್ಲಿ, ಕುರಿಹಟ್ಟಿಯಲ್ಲಿ. ಕಣ್ಣ ಮುಂದೆ ಸಾಲಾಗಿ ಏನಿಟ್ಟರೂ ಹಾಗೇ ಎಣಿಸುತ್ತವೆ.

ನಸೀರುದ್ದೀನ ಹಣೆ ಹಣೆ ಬಡಿದುಕೊಂಡು ನಗತೊಡಗಿದ. ನಾನು ಪೇಪರಿನಿಂದ ತಲೆ ಎತ್ತಿದೆ.

“ನಮ್ಮ ನಾನಾ ಗಂಜಿನ್ಯಾಗ ಕಾಳು ತೂಗ್ತಿದ್ರು ಅಕ್ಕಾರ,” ಎಂದ. ನಾನಾ ಅಂದರೆ ಅವನ ತಾಯಿಯ ತಂದೆ, ಗಂಜು ಅಂದರೆ ಯಾದಗಿರಿಯ ಕಾಳಿನ ಪೇಟೆ. “ಅವರೂ ಒಂದು ಅಂತಿದ್ದಿಲ್ಲ. ಬರಕತ್, ದೋ, ತೀನ್ ಅಂತಿದ್ರು. ಬರಕತ್ ಅಂದ್ರ ಹೆಚ್ಚಾಗ್ಲಿ ಅಂತ. ನಾನೂ ಹಂಗ ಎಣಸ್ತಿದ್ದೆ. ಅದು ನಮ್ಮ ಮನಿ ಮಾತು ಅಂತ ಸಾಲಿಗೆ ತರಲೇ ಇಲ್ಲ ನೋಡ್ರಿ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಬಾಲಮ್ಮನ ದನಿ ಇಳಿಯಿತು.

“ಒಂದನೆತ್ತಿಗೆ ಹಾಕಿದ್ರ ಅವು ಸಾಲಿಗೆ ಬರಂಗಿಲ್ಲ ಸರ. ಯುಗಾದಿಗೆ ಅಪ್ಪಗೋಳು ಬಂದು ಕುರಿ ಹಿಂದ ಕರ್ಕೊಂಡ ಹೋಗ್ತಾರ. ಪುಸ್ತಕ ಹೊಳ್ಳಿ ತಂದೇನಿ. ಆ ಮಕ್ಕಳನ್ನ ಇನ್ನೊಮ್ಮಿ ತರೂದು ನನ್ನ ಕೈಲೆ ಆಗಂಗಿಲ್ಲ.”

ಅವಳ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪೇಪರು ಮುಖಕ್ಕೆ ಅಡ್ಡ ಹಿಡಿದೆ.

ಮುಂದಿನ ಗುರುವಾರದಿಂದ ವಾರಕ್ಕೊಂದು ಸಂಜೆ ನನಗೆ ಹಾಳಾಯಿತು. ಗೋಡೆಯ ಮೇಲೆ ಮೌನವಾಗಿರಿ ಎಂದು ಬರೆದ ಹಲಗೆಯಿತ್ತು. ಬಾಲಮ್ಮ ಅದನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದಳು. ಎಣಿಕೆ ಗೊತ್ತಿದ್ದವರೇ ಮಾಸ್ತರರಿಗೆ ಹೇಳಲಿ ಎಂದು ದೊಡ್ಡಿಯಿಂದ ಮಕ್ಕಳ ಜೊತೆ ಅಜ್ಜಿಯರನ್ನೂ ಕರೆತಂದಳು. ಮೊದಲ ದಿನ ಅವರು ಹೊಸ್ತಿಲಾಚೆಯೇ ನಿಂತರು. ಕಚೇರಿ ಇದ್ದ ಹಾಗಿದೆ, ಅಕ್ಷರ ಬಾರದವರು ಒಳಗೆ ಬರಬಹುದೇ ಎಂದು ಸಾಯಬಮ್ಮನ ಅಜ್ಜಿ ತಿಮ್ಮವ್ವ ಕೇಳಿದಳು. ಬಾಲಮ್ಮ ಅವಳ ಕೈ ಹಿಡಿದು ಕರೆತಂದು, ನಾನು ದಿನಾ ಕೂರುವ ಕುರ್ಚಿಯಲ್ಲಿ ಕೂರಿಸಿದಳು. ತಿಮ್ಮವ್ವ ಆ ಕುರ್ಚಿಯಲ್ಲಿ ಕೂತಷ್ಟು ಗತ್ತಿನಿಂದ ನಾನು ಎಂದೂ ಕೂತಿಲ್ಲ.

ಮಕ್ಕಳು ನೆಲದ ಮೇಲೆ, ಅವರ ನಡುವೆ ನಸೀರುದ್ದೀನ. ತಿಮ್ಮವ್ವ ಕುರಿಗಳ ಬಣ್ಣದ ಹೆಸರು ಹೇಳಿದಳು, ಕಿವಿಯ ಗುರುತು ಹೇಳಿದಳು. ಸಂಜೆ ಹಿಂಡು ಮರಳಿದಾಗ ಹಟ್ಟಿಯಲ್ಲಿದ್ದ ಮರಿಗಳನ್ನು ತಾಯಿಗೆ ಬಿಡುತ್ತಾರೆ. ತಾಯಿ ಸಿಕ್ಕ ಮರಿ ಸುಮ್ಮನಾಗುತ್ತದೆ, ತಾಯಿ ಬಾರದ ಮರಿ ಅರಚುತ್ತದೆ. ಅರಚುವ ಮರಿ ಎಷ್ಟೋ, ದಾರಿಯಲ್ಲಿ ಉಳಿದ ತಾಯಿ ಅಷ್ಟು. ನಸೀರುದ್ದೀನ ಕುಳಿತಲ್ಲಿಂದ ಎದ್ದ. ಒಂದು ತಿಂಗಳು ಒದ್ದಾಡಿಯೂ ತಾನು ಹೇಳಿಕೊಡಲಾಗದ ಕಳೆಯುವ ಲೆಕ್ಕ ಇದೇ ಅಲ್ಲವೇ ಎಂದ. ಮರುದಿನ ಶಾಲೆಯಲ್ಲಿ ಅರ್ಧ ಮಕ್ಕಳು ಕುರಿಯಾದರು, ಅರ್ಧ ಮಕ್ಕಳು ಮರಿಯಾದರು. ಆ ಅರಚಾಟ ನಮ್ಮ ಆಫೀಸಿನವರೆಗೂ ಕೇಳಿತು.

ತಪ್ಪು ಎಂಬ ಮಾತನ್ನು ನಸೀರುದ್ದೀನ ಬಿಟ್ಟುಬಿಟ್ಟ. ರಾಶಿಯ ಎಣಿಕೆ ಒಂದು, ಶಾಲೆಯ ಎಣಿಕೆ ಒಂದು, ಎರಡೂ ನಮ್ಮವೇ ಎಂದು ಮಕ್ಕಳಿಗೆ ಹೇಳಿಕೊಟ್ಟ. ಅವನ ಮಾತು ಕೇಳಿ ದೇವಾಪುರದ ಕಡೆಯಿಂದಲೂ ಹೊಸ ಮಾಸ್ತರರು ಸೈಕಲ್ ತುಳಿದು ಗುರುವಾರ ಬರತೊಡಗಿದರು. ತಮ್ಮ ತಮ್ಮ ಶಾಲೆಯ ಕಷ್ಟ ಹೇಳಿಕೊಂಡರು. ಬಾಲಮ್ಮ ಒಬ್ಬೊಬ್ಬರಿಗೂ ಒಂದು ಪುಸ್ತಕ ಹುಡುಕಿ ಕೊಡುತ್ತಿದ್ದಳು, ಒಬ್ಬ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಪೇಪರು ಓದಿದೆ. ಗೊಣಗಿದೆ. ಆದರೆ ಗುರುವಾರ ತಪ್ಪಿಸಲಿಲ್ಲ.

ಸಂಕ್ರಾಂತಿ ಕಳೆಯಿತು, ಇನ್ಸ್‌ಪೆಕ್ಟರ್ ಬಂದರು. ಅವತ್ತು ಶಾಲೆಯ ಕೋಣೆಗೆ ಸುಣ್ಣ ಹೊಡೆಯುತ್ತಿದ್ದರು, ಹಾಗಾಗಿ ಪರೀಕ್ಷೆ ಗ್ರಂಥಾಲಯದಲ್ಲಾಯಿತು. ಅದೇ ದಿನ ಸುಣ್ಣ ಹೊಡೆಸುವ ಬುದ್ಧಿ ಯಾರದು ಎಂದು ನಾನು ಕೇಳಲು ಹೋಗಲಿಲ್ಲ. ಅಜ್ಜಿಯರೆಲ್ಲ ಗೋಡೆಗೆ ಒರಗಿ ಕೂತಿದ್ದರು, ತಿಮ್ಮವ್ವ ನನ್ನ ಕುರ್ಚಿಯಲ್ಲಿ. ನಸೀರುದ್ದೀನ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಬಾಲಮ್ಮ ಕೀಲಿಗೊಂಚಲು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಇನ್ಸ್‌ಪೆಕ್ಟರ್ ಸಾಯಬಮ್ಮನನ್ನೇ ಕರೆದು ಸುಣ್ಣದ ಕಡ್ಡಿ ಸಾಲಾಗಿಟ್ಟರು. ಎಣಿಸು ಎಂದರು. ಅವಳು ಕಡ್ಡಿ ನೋಡಿದಳು, ಅವರ ಮುಖ ನೋಡಿದಳು.

“ರಾಶಿ ಎಣಿಕಿ ಎಣಸ್ಲ್ಯೋ, ಸಾಲಿ ಎಣಿಕಿ ಎಣಸ್ಲ್ಯೋ ಸರ?”

ಅವರು ತಬ್ಬಿಬ್ಬಾದರು. ಎರಡೂ ಎಣಿಸು ಎಂದರು. ಅವಳು ಎರಡೂ ಎಣಿಸಿದಳು, ಎಲ್ಲೂ ತಡವರಿಸಲಿಲ್ಲ. ಕೂಡುವ ಲೆಕ್ಕ ಕೊಟ್ಟರು, ಕಳೆಯುವ ಲೆಕ್ಕ ಕೊಟ್ಟರು, ಸ್ಲೇಟಿನ ಮೇಲೆ ಬರೆದು ತೋರಿಸಿದಳು. ದೊಡ್ಡಿಯ ಉಳಿದ ಮಕ್ಕಳೂ ಒಬ್ಬರ ಹಿಂದೊಬ್ಬರು ಬಂದು ಬರೆದರು. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು. ಲೆಕ್ಕವೆಲ್ಲ ಸರಿ, ಆದರೆ ಈ ಲಾಭ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ನಸೀರುದ್ದೀನ ಬಾಲಮ್ಮನ ಕಡೆ ನೋಡಿದ. ಬಾಗಿಲಿನಿಂದ ಉತ್ತರ ಬಂತು.

“ಪುಸ್ತಕದಾಗ ಇಲ್ರಿ,” ಅಂದಳು ಬಾಲಮ್ಮ. “ಗ್ರಂಥಾಲಯದಾಗ ಅದರಿ. ಅಲ್ಲಿ ಕುರ್ಚಿ ಮ್ಯಾಲ ಕುಂತದ ನೋಡ್ರಿ.”

ಎಲ್ಲರೂ ತಿಮ್ಮವ್ವನ ಕಡೆ ತಿರುಗಿದರು. ತಿಮ್ಮವ್ವ ಸೆರಗು ಸರಿಮಾಡಿಕೊಂಡಳು. ಇನ್ಸ್‌ಪೆಕ್ಟರ್ ಜೋರಾಗಿ ನಕ್ಕರು. ದೊಡ್ಡಿಯ ಮಕ್ಕಳೆಲ್ಲ ಮೂರನೆಯದರಲ್ಲೇ ಇರಲಿ, ಯುಗಾದಿ ಆದ ಮೇಲೆ ನಾಲ್ಕನೆಯದಕ್ಕೆ ಹೋಗಲಿ ಎಂದರು. ಹೋಗುವಾಗ ತಿಮ್ಮವ್ವನಿಗೆ ಕೈಮುಗಿದರು. ಹೊಸದಾಗಿ ನೌಕರಿಗೆ ಸೇರುವ ಮಾಸ್ತರರನ್ನು ಇನ್ನು ಮೇಲೆ ಮೊದಲು ಇಲ್ಲಿಗೇ ಕಳಿಸುತ್ತೇನೆ ಎಂದು ಹೇಳಿ ಜೀಪು ಹತ್ತಿದರು. ಅಜ್ಜಿಯರು ಅವತ್ತು ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಹಾಡಿದರು. ನಾನು ಹತ್ತಿರದ ಅಂಗಡಿಯಿಂದ ಎಲ್ಲರಿಗೂ ಚಹಾ ತರಿಸಿದೆ. ಆ ಸಂಜೆಯ ಪೇಪರು ಮಡಿಕೆ ಬಿಚ್ಚದೆ ಹಾಗೇ ಬಿದ್ದಿತ್ತು.

ವರ್ಷಗಳು ಉರುಳಿದವು. ನಾನು ನಿವೃತ್ತನಾದೆ, ಬಾಲಮ್ಮನ ಕೂದಲು ನರೆಯಿತು, ಮೌನವಾಗಿರಿ ಎಂಬ ಹಲಗೆ ಮತ್ತೆ ಈ ಕಡೆ ತಿರುಗಲೇ ಇಲ್ಲ. ಒಂದು ದಿನ ಸಾಯಬಮ್ಮ ನೇರಳೆ ಸೀರೆ ಉಟ್ಟು ಬಂದಳು. ದೇವಾಪುರದ ಶಾಲೆಗೆ ಟೀಚರಾಗಿ ಆದೇಶ ಬಂದಿತ್ತು. ಶಾಲೆಗೆ ಹೋಗಿ ಹಾಜರಾಗುವ ಮೊದಲು ಗ್ರಂಥಾಲಯಕ್ಕೆ ಬಂದು ಬಾಲಮ್ಮನ ಕಾಲು ಮುಟ್ಟಿದಳು. ಆಮೇಲೆ ಬೇಕಾದ ಪುಸ್ತಕ ಆರಿಸಲು ಕಪಾಟಿನ ಹಿಂದೆ ಹೋದಳು.

ನನಗೆ ಬಾಯಿ ಕಟ್ಟಿಕೊಂಡಿರುವ ಅಭ್ಯಾಸವಿಲ್ಲ. ಇಷ್ಟು ವರ್ಷ ಒದ್ದಾಡಿದ್ದಕ್ಕೆ ನಿಮ್ಮ ದೊಡ್ಡಿಯಿಂದ ಕಡೆಗೂ ಒಂದು ಟೀಚರು ಆಯಿತಲ್ಲ ಎಂದೆ. ಸಂತೋಷಕ್ಕೇ ಅಂದೆ. ಬಾಲಮ್ಮ ನನ್ನ ಕಡೆ ತಿರುಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಪೇಪರು ಜಾರಿತು.

“ಒಂದು ಅನಬ್ಯಾಡ್ರಿ ಅಮರಪ್ಪ ಕಾಕಾ,” ಅಂದಳು. “ಲಾಭ ಅನ್ರಿ.”

ಅಂದೆ. ಮೊನ್ನೆ ಕೇಳಿದಾಗ ದೊಡ್ಡಿಯ ಟೀಚರುಗಳ ಎಣಿಕೆ ಆರು ದಾಟಿ ಮತ್ತೊಂದಕ್ಕೆ ಬಂದಿದೆ ಎಂದಳು.