ಸುವರ್ಣಮ್ಮ ಮತ್ತು ಮೂವತ್ತೊಂದನೆಯ ಸೆಲ್ಲು

ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ನಾನು ಹದಿನಾರು ವರ್ಷ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೆ. ಆ ಕಾರ್ಖಾನೆ ಈಗ ಇಲ್ಲ, ಹೆಸರು ಬೇಡ. ಅಲ್ಲಿ ನನಗಿಂತ ಚೆನ್ನಾಗಿ ಬ್ಯಾಟರಿ ಗೊತ್ತಿದ್ದವರು ಒಬ್ಬರೇ, ಹೈಸ್ಕೂಲಿನ ಮೆಟ್ಟಿಲು ಹತ್ತದ ಸುವರ್ಣಮ್ಮ. ಅವರ ಕೆಲಸ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ನನ್ನ ಮೇಲೆ ಕನಿಕರ ಹುಟ್ಟುವ ಅಪಾಯವಿಲ್ಲ.

ಅವರ ಗಂಡ ಮಾರಪ್ಪ ಅದೇ ಕಾರ್ಖಾನೆಯಲ್ಲಿ ಕ್ರೇನ್ ಹೆಲ್ಪರ್ ಆಗಿದ್ದವರು. ಕಾಮಾಲೆಯಿಂದ ಅವರು ತೀರಿಕೊಂಡಾಗ ಹೆಂಡತಿಯನ್ನು ತಾತ್ಕಾಲಿಕವೆಂದು ತೆಗೆದುಕೊಂಡರು. ಮೂರು ವರ್ಷ ಒಂದು ದೂರೂ ಇಲ್ಲದೆ ಕಳೆದರೆ ಕಾಯಂ. ಕಾಯಂ ಆದರೆ ಕ್ವಾರ್ಟರ್ಸ್ ಉಳಿಯುತ್ತದೆ, ಮಗಳು ಕವನಳ ಸ್ಕೂಲು ಉಳಿಯುತ್ತದೆ. ಇಲ್ಲದಿದ್ದರೆ ಹೊಳಲೂರಿನ ಅಣ್ಣನ ಮನೆ, ಅತ್ತಿಗೆಯ ಮಾತು. ಇದೆಲ್ಲ ಶಾಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಬೇರೆಯವರೆಲ್ಲ ಒಲ್ಲೆವೆಂದ ಕಾರಣ ಅವರನ್ನು ಬ್ಯಾಟರಿ ರೂಮಿಗೆ ಹಾಕಿದ್ದರು. ಆಸಿಡ್ ವಾಸನೆಗೆ ಕಣ್ಣುರಿ, ಸೀರೆಯ ತುಂಬ ಸಣ್ಣ ಸಣ್ಣ ತೂತು. ಮರದ ಸ್ಟ್ಯಾಂಡಿನ ಮೇಲೆ ಒಂದಕ್ಕೊಂದು ಬೆಸೆದ ಐವತ್ತೈದು ಸೆಲ್ಲುಗಳು, ಒಂದೊಂದೂ ಎರಡು ವೋಲ್ಟು ಚಿಲ್ಲರೆ. ಕರೆಂಟ್ ಹೋದರೆ, ಕಬ್ಬಿಣ ಕರಗಿಸುವ ಒಲೆಗೆ ಗಾಳಿಯೂದುವ ದೊಡ್ಡ ಬ್ಲೋವರ್ ಸುತ್ತುವುದನ್ನು ನಿಲ್ಲಿಸುವವರೆಗೂ ಅದರ ಬೇರಿಂಗಿಗೆ ಎಣ್ಣೆ ಹಾಯಿಸುವ ಪಂಪು ಇವುಗಳಿಂದಲೇ ಓಡಬೇಕು. ಕರೆಂಟು ಸಾಲಿನ ಪ್ರತಿಯೊಂದು ಸೆಲ್ಲನ್ನೂ ಹಾದೇ ಹೋಗಬೇಕಾದ್ದರಿಂದ, ಒಂದು ಕೈಕೊಟ್ಟರೆ ಉಳಿದ ಐವತ್ತನಾಲ್ಕು ಗಟ್ಟಿಯಾಗಿದ್ದೂ ದಂಡ.

ಮೂವತ್ತೊಂದನೆಯದು ಸೊರಗುತ್ತಿತ್ತು. ಅದನ್ನು ಕಂಡುಹಿಡಿದದ್ದು ಸುವರ್ಣಮ್ಮ. “ಎಲ್ಲಾದಕ್ಕೂ ಒಂದೇ ಸಮ ಚಾರ್ಜ್ ಕೊಟ್ರೆ ಇದಕ್ಕೆ ಸಾಲಲ್ಲ ಸಾರ್, ಉಳಿದವು ಸುಮ್ನೆ ಕುದೀತವೆ,” ಎಂದರು. ಫಿಟ್ಟರಿಗೆ ದುಂಬಾಲು ಬಿದ್ದು ಒಂದು ಪುಟ್ಟ ಚಾರ್ಜರ್ ಮಾಡಿಸಿಕೊಂಡರು. ಪ್ರತಿ ಗುರುವಾರ ಅದರ ಎರಡು ಕ್ಲಿಪ್ಪನ್ನು ಮೂವತ್ತೊಂದಕ್ಕೆ ಮಾತ್ರ ಸಿಕ್ಕಿಸಿ, ಅದು ಉಳಿದವುಗಳ ಮಟ್ಟಕ್ಕೆ ಬರುವವರೆಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದರು.

“ಇದೊಂದಕ್ಕೆ ಯಾಕಿಷ್ಟು ಉಪಚಾರ?” ಎಂದು ನಾನು ಛೇಡಿಸುತ್ತಿದ್ದೆ.

“ಬಾಣಂತಿಗೆ ಬೇರೆ ಅಡುಗೆ ಮಾಡಲ್ವಾ ಸಾರ್?”

ನಾನು ನೋಡುತ್ತಿದ್ದದ್ದು ಗೋಡೆಯ ಮೀಟರನ್ನು ಮಾತ್ರ. ಒಟ್ಟು ನೂರಿಪ್ಪತ್ತೊಂದು ವೋಲ್ಟು, ಸರಿಯಾಗಿದೆ ಎನ್ನುತ್ತಿದ್ದೆ. ಒಂದು ಇಳಿದರೆ ಉಳಿದವು ಕೂದಲೆಳೆಯಷ್ಟು ಮೇಲೇರಿ ಆ ಒಟ್ಟನ್ನು ಸರಿದೂಗಿಸಿಬಿಡುತ್ತವೆ ಎಂಬುದು ಡಿಪ್ಲೊಮಾ ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ.

ತೊಂಬತ್ತೇಳರಲ್ಲಿ ಕಾರ್ಖಾನೆಗೆ ಐಎಸ್‌ಒ ಸರ್ಟಿಫಿಕೇಟಿನ ಹುಚ್ಚು ಹಿಡಿಯಿತು. ಗೋಡೆಗೆಲ್ಲ ಬಣ್ಣ, ಪೊರಕೆಗೂ ಒಂದು ನಂಬರು. ಇನ್‌ಸ್ಪೆಕ್ಷನ್ನಿಗೆ ಎರಡು ದಿನವಿದೆ ಎನ್ನುವಾಗ ನಾನು ಬ್ಯಾಟರಿ ರಿಜಿಸ್ಟರ್ ತೆಗೆದು ನೋಡಿದೆ. ಪ್ರತಿ ಸೆಲ್ಲಿಗೆ ಒಂದೊಂದು ಅಂಕಿ, ಮೂವತ್ತೊಂದರ ಮುಂದೆ ಕೆಂಪು ಗೆರೆ. ಹೊಸ ರಿಜಿಸ್ಟರ್ ಕೊಟ್ಟು, ಹಿಂದಿನ ಮೂರು ತಿಂಗಳಿನದನ್ನೂ ಇನ್ನು ಮುಂದಿನದನ್ನೂ ಎಲ್ಲದಕ್ಕೂ ಎರಡು ಪಾಯಿಂಟ್ ಎರಡು ಎಂದು ಬರೆಯಲು ಹೇಳಿದೆ.

“ಅಷ್ಟಿಲ್ವಲ್ಲ ಸಾರ್.”

“ಒಂದೇ ಸಮ ಇದ್ರೆ ನೋಡೋಕೆ ನೀಟಾಗಿರುತ್ತೆ. ಬರಿ ಮಾರಾಯ್ತಿ. ಕಾಯಂ ಆಗೋದು ಬೇಡ್ವಾ ನಿಂಗೆ?”

ಅವರು ಬರೆದರು. ಬರೆಯುವಾಗ ಒಮ್ಮೆಯೂ ತಲೆಯೆತ್ತಲಿಲ್ಲ. ಪುಟ್ಟ ಚಾರ್ಜರ್ ಯಾವ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಹಳೆಯ ರಿಜಿಸ್ಟರಿನ ಜೊತೆಗೆ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸರ್ಟಿಫಿಕೇಟ್ ಬಂತು, ಮೈಸೂರ್ ಪಾಕ್ ಹಂಚಿದೆವು. ಚಾರ್ಜರ್ ಕೊಡಿ ಎಂದು ಸುವರ್ಣಮ್ಮ ಎರಡು ಸಲ ಕೇಳಿದರು. ನಾಳೆ ಕೊಡ್ತೀನಿ ಎಂದೆ. ಆ ನಾಳೆ ಬರಲೇ ಇಲ್ಲ.

ಮರುವರ್ಷ ಏಪ್ರಿಲಿನ ಒಂದು ಮಧ್ಯಾಹ್ನ ಗಾಳಿಮಳೆಗೆ ಲೈನು ಬಿತ್ತು. ಪಂಪು ಬ್ಯಾಟರಿಯ ಮೇಲೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮೂವತ್ತೊಂದು ಎಲ್ಲಕ್ಕಿಂತ ಮೊದಲು ಬರಿದಾಯಿತು. ಬರಿದಾದದ್ದರೊಳಗೆ ಉಳಿದವುಗಳ ಕರೆಂಟು ನುಗ್ಗಿ, ಅದು ಕಾದು, ಒಳಗಿನ ಬೆಸುಗೆ ಬಿಟ್ಟಿತು. ಸಾಲು ಅಲ್ಲಿಗೆ ತುಂಡಾಯಿತು, ಪಂಪು ನಿಂತಿತು. ಎಣ್ಣೆಯಿಲ್ಲದ ಬೇರಿಂಗು ಹೊಗೆಯಾಡುತ್ತ ಕಿರುಚಿಕೊಂಡದ್ದು ಗೇಟಿನವರೆಗೂ ಕೇಳಿಸಿತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಒಲೆ ಒಂಬತ್ತು ದಿನ ಉರಿಯಲಿಲ್ಲ.

ವಿಚಾರಣೆಯಲ್ಲಿ ಮ್ಯಾನೇಜರ್ ಓಂಕಾರಪ್ಪನವರು ರಿಜಿಸ್ಟರ್ ಬಿಚ್ಚಿದರು. ಐವತ್ತೈದು ಸೆಲ್ಲೂ ತಿಂಗಳುಗಟ್ಟಲೆ ಒಂದೇ ಅಂಕಿಯಲ್ಲಿರುವುದನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಅಕ್ಷರ ಸುವರ್ಣಮ್ಮನದು.

“ಸಾರೇ ಬರೆಸಿದ್ದು,” ಎಂದರು ಸುವರ್ಣಮ್ಮ.

ಓಂಕಾರಪ್ಪ ನನ್ನ ಕಡೆ ತಿರುಗಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ. ಮೂರು ವರ್ಷ ತುಂಬಲು ಅವರಿಗೆ ಇನ್ನೆರಡೇ ತಿಂಗಳು ಬಾಕಿ ಇತ್ತು. ಆ ವಾರವೇ ಅವರು ಕ್ವಾರ್ಟರ್ಸ್ ಖಾಲಿ ಮಾಡಿದರು.

ಕಾರ್ಖಾನೆ ಮುಚ್ಚಿದ ಮೇಲೆ ನಾನು ಶಿವಮೊಗ್ಗಕ್ಕೆ ಬಂದು, ದುರ್ಗಿಗುಡಿಯ ಒಂದು ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಯಲ್ಲಿ ಸರ್ವಿಸ್ ನೋಡಿಕೊಂಡಿದ್ದೆ. ಎರಡು ಸಾವಿರದ ಒಂಬತ್ತರಲ್ಲಿ ಹೊಸ ಬಗೆಯ ಲಿಥಿಯಂ ಪ್ಯಾಕ್ ಬಂತು. ಅದನ್ನು ತೋರಿಸಿಕೊಡಲು ಕಂಪನಿಯಿಂದ ಸಂಜಯ್ ಎಂಬ ಇಂಜಿನಿಯರ್ ಬಂದಿದ್ದರು. ಪ್ಯಾಕ್ ಬಿಚ್ಚಿದರೆ ಸೆಲ್ಲುಗಳ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಹಸಿರು ಬೋರ್ಡು, ಅದರಿಂದ ಪ್ರತಿ ಸೆಲ್ಲಿಗೂ ಒಂದೊಂದು ತೆಳು ವೈರು.

“ಇದು ಒಂದೊಂದನ್ನೂ ಬೇರೆ ಬೇರೆ ಅಳೆಯುತ್ತೆ ಸಾರ್,” ಎಂದರು ಸಂಜಯ್. “ಯಾವುದು ಮೊದಲು ತುಂಬುತ್ತೋ ಅದರಿಂದ ಸ್ವಲ್ಪ ಸೋರಿಸಿ, ಹಿಂದೆ ಬಿದ್ದಿದ್ದು ಬರೋ ತನಕ ಕಾಯುತ್ತೆ. ಓಡುವಾಗ ಒಂದು ತೀರಾ ಇಳಿದ್ರೂ ಇಡೀ ಪ್ಯಾಕನ್ನೇ ನಿಲ್ಲಿಸಿಬಿಡುತ್ತೆ.”

“ಒಟ್ಟು ವೋಲ್ಟೇಜ್ ಸರಿ ಇದ್ರೆ ಸಾಲದಾ?” ಎಂದು ಕೇಳಿದೆ. ಉತ್ತರ ಗೊತ್ತಿದ್ದೂ ಯಾಕೆ ಕೇಳಿದೆನೋ.

“ಒಟ್ಟು ನೋಡ್ಕೊಂಡು ಕೂತ್ರೆ ಒಳಗೆ ಒಂದು ಸಾಯ್ತಿರೋದು ಗೊತ್ತೇ ಆಗಲ್ಲ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದು ಹೆಂಗಸು ಮಾಡುತ್ತಿದ್ದ ಕೆಲಸವದು. ಈ ಬೋರ್ಡಿಗೆ ಸುಳ್ಳು ಅಂಕಿ ಬರೆ ಎಂದು ಹೆದರಿಸಲು ನನ್ನಂಥವನಿಂದ ಆಗುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಮಾರನೆಯ ದಿನ ರಜೆ ಹಾಕಿ ಹೊಳಲೂರಿನ ಬಸ್ಸು ಹತ್ತಿದೆ.

ಸುವರ್ಣಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಮನೆಗೆ ಕರೆದರು, ನೀರು ಕೊಟ್ಟರು. ನಾನು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದದ್ದನ್ನೆಲ್ಲ ಒದರಿ, ಕ್ಷಮಿಸಿ ಎಂದೆ.

“ನಂಗೆ ಯಾಕೆ ಹೇಳ್ತೀರಿ ಸಾರ್? ನಂಗೆ ಗೊತ್ತಿರೋದೇ,” ಎಂದರು. “ತೆಗೆದುಹಾಕಿದ ಕಾಗದ ಇಂಗ್ಲಿಷಿನಲ್ಲಿತ್ತು. ಕವನನ ಕೈಲೇ ಓದಿಸ್ದೆ. ಸುಳ್ಳು ಲೆಕ್ಕ ಬರೆದು ಕಾರ್ಖಾನೆಗೆ ಮೋಸ ಮಾಡಿದಾಳೆ ಅಂತಿತ್ತು. ಆಗ ಅವಳಿಗೆ ಹದಿನಾಲ್ಕು. ಆವತ್ತಿಂದ ನಾನು ಏನು ಹೇಳಿದ್ರೂ ನಿಜಾನಾ ಅಂತ ಒಂದು ಸಲ ಮುಖ ನೋಡ್ತಾಳೆ. ಅವಳಿಗೆ ಹೇಳಿ. ಐದೂವರೆ ಬಸ್ಸಿಗೆ ಬರ್ತಾಳೆ.”

ಎರಡು ಗಂಟೆ ಕಾದೆ. ಎದ್ದು ಹೋಗಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ. ಕವನ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬಂದವಳು ಚಪ್ಪಲಿ ಬಿಟ್ಟು, ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು.

“ಕಾರ್ಖಾನೇಲಿ ಆ ಅಂಕಿಗಳನ್ನ ಬರೆಸಿದ್ದು ನಾನು,” ಎಂದೆ. “ನಿಮ್ಮಮ್ಮ ಅಷ್ಟಿಲ್ಲ ಅಂತ ಹೇಳಿದ್ರು. ಹೆದರಿಸಿ ಬರೆಸ್ದೆ. ವಿಚಾರಣೇಲಿ ಇಲ್ಲ ಅಂದೆ.”

ಅವಳು ನನ್ನನ್ನು ಬೈಯಲಿಲ್ಲ. ನಾನು ಅಲ್ಲಿರುವುದನ್ನೇ ಮರೆತವಳಂತೆ ತಾಯಿಯ ಕಡೆ ತಿರುಗಿದಳು.

“ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ ನೀನು?”

“ಆವತ್ತೇ ಹೇಳಿದ್ದೆ,” ಎಂದರು ಸುವರ್ಣಮ್ಮ. “ಕಾಗದದಲ್ಲಿ ಹಾಗಿಲ್ವಲ್ಲ ಅಂತ ನೀನೇ ಅಂದೆ.”