ಕೊಳವೆ ಕೊಯ್ದವರ ಮನೆಯಲ್ಲಿ

ಮೂಡುಬಿದಿರೆಯ ಶ್ರೇಯಾಂಸಕುಮಾರರು ಮಾತಿನಲ್ಲಿ ಜಿಪುಣರು. ಆದರೆ ಜಿರ್ಕೋನಿಯಂ ಎಂಬ ಲೋಹದ ಮಾತು ಬಂದರೆ ಸಾಕು, ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದವರನ್ನು ಮೂಡುಬಿದಿರೆ ಬರುವ ತನಕ ಬಿಡುತ್ತಿರಲಿಲ್ಲ. ದೂರದ ಒಂದು ಅಣು ಸಂಶೋಧನಾಲಯದಲ್ಲಿ ಅವರು ನಿವೃತ್ತಿಯವರೆಗೂ ಮಾಡಿದ್ದು ಒಂದೇ ಕೆಲಸ. ರಿಯಾಕ್ಟರಿನಲ್ಲಿ ಯುರೇನಿಯಂಗೆ ಹೊದಿಕೆಯಾಗಿದ್ದ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳನ್ನು ಹೊರತೆಗೆದ ಮೇಲೆ ಕೊಯ್ದು ಪರೀಕ್ಷಿಸುವುದು. ದಪ್ಪನೆಯ ಸೀಸದ ಗಾಜಿನ ಈಚೆ ನಿಂತು, ಆಚೆಗಿನ ಯಂತ್ರದ ಕೈಗಳನ್ನು ಆಡಿಸಬೇಕು.

"ನ್ಯೂಟ್ರಾನು ಬಂದು ಬಡಿದ್ರೆ ಲೋಹದ ಪರಮಾಣು ಜಾಗ ಬಿಟ್ಟು ಹಾರ್ತದೆ ಮಾರಾಯ್ರೇ. ಹೊರಗಿಂದ ನೋಡಿದ್ರೆ ಕೊಳವೆ ಸರಿಯೇ ಉಂಟು. ಬಗ್ಗಿಸಿ, ಹಪ್ಪಳದ ಹಾಗೆ ಮುರೀತದೆ" ಎನ್ನುತ್ತಿದ್ದರು. ಕೇಳಿದವರು ಕೊಳವೆಯನ್ನು ಮರೆತು ಹೆದರಿಕೆಯನ್ನು ಮಾತ್ರ ಮನೆಗೆ ಕೊಂಡುಹೋಗುತ್ತಿದ್ದರು.

ಹೆಂಡತಿ ವಿಮಲಾರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದದ್ದೇ ತಡ, ಊರವರೆಲ್ಲ ಡಾಕ್ಟರಾದರು. ವಿಮಲಾರ ತಂಗಿ ಶಶಿಪ್ರಭಾ ಬೆಳ್ತಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಭಾವ, ಅದು ನಿಮ್ಮ ಅಂಗಿಯಲ್ಲೇ ಬಂದದ್ದು. ಯೂಟ್ಯೂಬಲ್ಲಿ ನೋಡಿದ್ದೇನೆ. ಇಲ್ಲದಿದ್ರೆ ನೀವು ಡ್ಯೂಟಿಯಿಂದ ಬಂದು ಸ್ನಾನ ಮಾಡದೆ ಅಕ್ಕನನ್ನು ಮುಟ್ತಿರ್ಲಿಲ್ಲ ಯಾಕೆ?"

ಸ್ನಾನವೇನೋ ನಿಜ. ಅದು ಶ್ರೇಯಾಂಸಕುಮಾರರಿಗೆ ಅವರ ಅಮ್ಮ ಕಲಿಸಿದ ಮಡಿ. ಹೊರಗಿನಿಂದ ಬಂದವನು ಮಿಂದೇ ಒಳಗೆ ಸೇರಬೇಕು. ವಿಕಿರಣವನ್ನು ಅಳೆಯಲು ಅಂಗಿಗೆ ಸಿಕ್ಕಿಸುತ್ತಿದ್ದ ಬ್ಯಾಡ್ಜು ಒಮ್ಮೆಯೂ ಮಿತಿ ಮೀರಿರಲಿಲ್ಲ. ಬಸ್ಸಿನವರಿಗೆಲ್ಲ ಕೊಳವೆಯ ಕತೆ ಹೇಳಿದ ಪುಣ್ಯಾತ್ಮರಿಗೆ ಇದನ್ನು ಹೆಂಡತಿಗೆ ಹೇಳಬೇಕೆಂದು ಮಾತ್ರ ಇಷ್ಟು ವರ್ಷ ಹೊಳೆಯಲೇ ಇಲ್ಲ!

ಈಗ ಅವರಿಗೆ ಬೇಕಾದದ್ದು ಒಂದೇ. ಈ ರೋಗವನ್ನು ಗಂಡ ಮನೆಗೆ ತಂದದ್ದಲ್ಲ ಎಂದು ಕಣ್ಣು ಮುಚ್ಚುವ ಮೊದಲು ವಿಮಲಾ ನಂಬಬೇಕು. ಹಾಸಿಗೆಯ ಬಳಿ ಕೂತು ಗಾಜು, ಬ್ಯಾಡ್ಜು, ಮಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ಡಾಕ್ಟರ ಬಾಯಲ್ಲೂ ಹೇಳಿಸಿದರು. ಹಠ ಮಾಡುವ ಮಗುವನ್ನು ಸಮಾಧಾನಪಡಿಸುವಂತೆ ಆಕೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅದನ್ನು ಕಂಡು ಅವರಿಗೆ ಬಚ್ಚಲಿಗೆ ಹೋಗಿ ಅಳುವಷ್ಟು ಸಂಕಟವಾಗುತ್ತಿತ್ತು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಬಸದಿಯಿಂದ ಬಂದ ಶ್ರೇಯಾಂಸಕುಮಾರರು ಹೆಂಡತಿಯ ಮುಂದೆ ಕೈಮುಗಿದರು. ಆಕೆ ಆ ಕೈಗಳನ್ನು ಹಿಡಿದುಕೊಂಡರು.

"ನಮ್ಮ ಮಗು ಹೋದ ದಿನ ನೆನಪುಂಟಾ? ಡ್ಯೂಟಿಯಿಂದ ಓಡಿ ಬಂದವರು ಸ್ನಾನ ಸಹ ಮಾಡದೆ ನನ್ನನ್ನು ಅಪ್ಪಿಕೊಂಡು ಅತ್ತಿರಿ. ಇದು ಅವತ್ತೇ ತಾಗಿದ್ದು. ತಾಗ್ತದೆ ಅಂತ ನನಗೆ ಆಗಲೇ ಗೊತ್ತಿತ್ತು. ನಿಮ್ಮನ್ನು ದೂಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನಾನು ಕ್ಷಮಿಸಿ ಆಯ್ತು, ಇವರೇ. ನೀವು ಬೇಜಾರು ಮಾಡ್ಬೇಡಿ."

ಅಲ್ಲ ಎನ್ನಲು ಅವರು ಬಾಯಿ ತೆರೆದರು. ವಿಷವೆಂದು ತಿಳಿದೂ ಆಕೆ ಅವತ್ತು ತನ್ನನ್ನು ದೂಡಿರಲಿಲ್ಲ. ಅಲ್ಲವೆಂದು ಸಾಧಿಸಿದರೆ ಆಕೆ ಕೊಟ್ಟದ್ದನ್ನೇ ದೂಡಿದ ಹಾಗಾಗುತ್ತಿತ್ತು.

"ಹೌದು ವಿಮಲಾ, ನನ್ನಿಂದ ತಪ್ಪಾಯ್ತು" ಎಂದರು.

ವಿಮಲಾ ನೆಮ್ಮದಿಯಿಂದ ಕಣ್ಣು ಮುಚ್ಚಿ ನಿದ್ದೆಹೋದರು.